ಮಳೆಗಾಲದ ನೀಲಿ ಕಾಳು

ಒಣ ಸಿಗಡಿಯ ತಲೆ ಬಾಲ ಮುರಿಯುತ್ತ ಹಿಂದಿನ ಜಗುಲಿಯಲ್ಲಿ ಕೂತಿದ್ದೆ. ಆಷಾಢದ ಮಳೆ. ಕಡಲ ದಂಡೆಯ ಕೋಡಿಬಾಗದಲ್ಲಿದ್ದೂ ಹಸಿ ಮೀನು ಕಣ್ಣಿಗೆ ಬೀಳದ ಕಾಲ. ಮಗಳ ಸ್ನಾನ ಆಗಿತ್ತು, ಒಳಗೆ ಆಡುತ್ತಿದ್ದಳು. ಅತ್ತೆ ಬಚ್ಚಲ ಕಡೆಯಿಂದ ಬಂದು ನನ್ನೆದುರು ನಿಂತರು. ಅಂಗೈಯಲ್ಲಿ ಮಗಳ ಕಿವಿಯ ಪೆಟ್ಟಿಗೆ. ಅದರ ಒಂದು ಮಗ್ಗುಲು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಇಳಿದುಹೋಗಿತ್ತು.

"ಬೆಚ್ಚಗಾಗ್ಲಿ ಹೇಳಿ ಒಲೆ ಮೇಲಿನ ಗಳಕ್ಕೆ ಕಟ್ಟಿದ್ದೆ ಮಗಾ," ಅಂದರು. "ಚೂರು ಹೊತ್ತಷ್ಟೇ."

ನನ್ನ ಮಗಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಹಿಂದಿನ ವರ್ಷ ಮಂಗಳೂರಿನಲ್ಲಿ ಆಪರೇಷನ್ ಮಾಡಿ ಕಿವಿಯ ಹಿಂದೆ, ಚರ್ಮದ ಅಡಿಗೆ ಒಂದು ಯಂತ್ರ ಇಟ್ಟಿದ್ದರು. ಅದಕ್ಕಾಗಿ ಯಾರ್ಯಾರ ಮುಂದೆ ಕೈಯೊಡ್ಡಿದೆವು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಒಳಗಿನ ಯಂತ್ರ ತಾನಾಗಿ ಏನನ್ನೂ ಕೇಳುವುದಿಲ್ಲ. ಕೇಳುವುದು ಹೊರಗಿನ ಪೆಟ್ಟಿಗೆ. ನಾನು ಹೊಲಿದ ಬಟ್ಟೆಯ ಚೀಲದಲ್ಲಿ ಅದು ಅವಳ ಎದೆಯ ಮೇಲೆ ಇರುತ್ತಿತ್ತು. ಅದರಿಂದ ಹೊರಟ ವೈರಿನ ತುದಿಗೆ ನಾಣ್ಯದಂಥ ಒಂದು ಬಿಲ್ಲೆ. ಬಿಲ್ಲೆಯನ್ನು ತಲೆಗೆ ಹಿಡಿದರೆ ಒಳಗಿನ ಅಯಸ್ಕಾಂತಕ್ಕೆ ಚಟಕ್ಕನೆ ಅಂಟುತ್ತಿತ್ತು, ಸದ್ದು ಒಳಗೆ ಹೋಗುತ್ತಿತ್ತು.

ನೀವು ಸಮುದ್ರದ ದಂಡೆಯವರು, ಪೆಟ್ಟಿಗೆಗೆ ತಂಡಿ, ಗಾಳಿಯ ತೇವ, ತಾಗಲು ಬಿಡಬೇಡಿ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಮುಚ್ಚಳದ ಡಬ್ಬಿಯಲ್ಲಿ ನೀಲಿ ಕಾಳುಗಳನ್ನು ಕೊಟ್ಟಿದ್ದರು. ಮಗು ಮಲಗಿದ ಮೇಲೆ ಪೆಟ್ಟಿಗೆಯನ್ನು ಅದರಲ್ಲಿಡಬೇಕು. ಕಾಳು ತಂಡಿ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು, ಮತ್ತೆ ನೀಲಿಯಾಗುತ್ತದೆ. ಮಳೆ ಹಿಡಿದ ಮೇಲೆ ನನಗೆ ಅದನ್ನು ಹುರಿಯುವುದೇ ಕೆಲಸ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ದಿನಾ ನೋಡುತ್ತಿದ್ದರು. ಇದಕ್ಕೂ ಬಿಸಿಯೇ ಮದ್ದು ಎಂದುಕೊಂಡಿರಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಒದ್ದೆಯಾದದ್ದೆಲ್ಲ ಬಚ್ಚಲೊಲೆಯ ಮೇಲಿನ ಬಿದಿರ ಗಳಕ್ಕೇ ಹೋಗುವುದು: ಮಗುವಿನ ಲಂಗ, ಬೆಂಕಿಪೆಟ್ಟಿಗೆ, ಒಮ್ಮೆ ಪಂಚಾಂಗ ಕೂಡ. ಆ ಬೆಳಿಗ್ಗೆ ಚೀಲ ತಣ್ಣಗಿತ್ತು. ಅತ್ತೆ ಅದನ್ನು ಪೆಟ್ಟಿಗೆ ಸಮೇತ ಕಟ್ಟಿದ್ದರು, ಆಮೇಲೆ ಮೊಮ್ಮಗಳಿಗೆ ಇನ್ನಷ್ಟು ಬಿಸಿನೀರಾಗಲಿ ಎಂದು ತಾವೇ ಒಲೆಯ ಉರಿ ಜೋರು ಮಾಡಿದ್ದರು.

"ನಿಮ್ಗೆ ಕಿವಿ ಕೇಳ್ತದಲ, ಅದಕೇ ಇದ್ರ ಬೆಲೆ ಗೊತ್ತಿಲ್ಲ," ಅಂದೆ. ಅವರು ತಿರುಗಿ ಬಚ್ಚಲ ಬಾಗಿಲ ಹತ್ತಿರ ಹೋಗಿ ಕೂತರು.

ಅಷ್ಟರಲ್ಲಿ ಮಗಳು ಬಂದಳು. ಸ್ನಾನವಾದ ಮೇಲೆ ಎಂದಿನಂತೆ ಕೂದಲು ಸರಿಸಿ ಕಿವಿಯ ಹಿಂದಿನ ಜಾಗ ತೋರಿಸಿದಳು, ಹಾಕು ಎಂದು. ವೈರು, ಬಿಲ್ಲೆ ದೇವರ ಗೂಡಿನ ಪಕ್ಕ ಇಟ್ಟಲ್ಲೇ ಇದ್ದವು, ಸುಟ್ಟಿರಲಿಲ್ಲ. ಏನು ಮಾಡಲೂ ತೋಚದೆ ಬರೀ ಬಿಲ್ಲೆಯನ್ನೇ ಅಂಟಿಸಿದೆ. ಅವಳು ಕತ್ತು ವಾಲಿಸಿ ಕಾದಳು. ಮತ್ತೆ ತಾನೇ ಕಿತ್ತು, ಫ್ರಾಕಿಗೆ ಒರೆಸಿ, ಪುನಃ ಅಂಟಿಸಿಕೊಂಡು ನನ್ನ ಮುಖ ನೋಡಿದಳು.

ಮಂಗಳೂರಿಗೆ ಫೋನು ಮಾಡಿದೆ. ಅವಳಿಗೆ ಮಾತು ಕಲಿಸುತ್ತಿದ್ದ ಮೇಡಂ ಫೋನು ಎತ್ತಿದರು. ಒಳಗಿನ ಯಂತ್ರಕ್ಕೆ ಏನೂ ಆಗಿರಲಿಕ್ಕಿಲ್ಲ, ಅವಳ ಕಿವಿಗೆ ತಕ್ಕಂತೆ ಪೆಟ್ಟಿಗೆಯಲ್ಲಿ ಕೂರಿಸಿದ ಸದ್ದಿನ ಲೆಕ್ಕವೂ ತಮ್ಮ ಕಂಪ್ಯೂಟರಿನಲ್ಲಿದೆ ಎಂದರು. ದೇವರು ಅಷ್ಟು ಉಳಿಸಿದ. ಆದರೆ ಬೇರೆ ಪೆಟ್ಟಿಗೆ ಬೇಕು. ದೊಡ್ಡ ಮಕ್ಕಳು ಬಿಟ್ಟ ಹಳೆಯದು ಯಾವುದಾದರೂ ಇದ್ದರೆ ಹುಡುಕುತ್ತೇನೆ, ಮಾತು ಕೊಡಲಾರೆ ಎಂದರು. ಈಗಷ್ಟೇ ಬಾಯಿಗೆ ಕೂತ ಶಬ್ದಗಳು, ಕೇಳುವುದು ನಿಂತರೆ ಜಾರಿಹೋಗಬಹುದು; ನೀವು ಮಾತಾಡುವುದು ನಿಲ್ಲಿಸಬೇಡಿ ಎಂದೂ ಹೇಳಿದರು.

"ಮಾತಾಡಿ ಎಂತ ಮಾಡೂದು ಮೇಡಂ, ಕೇಳೂದೇ ಇಲ್ವಲ್ಲ."

"ನಿಮ್ಮ ಬಾಯಿ ನೋಡ್ತಾಳಲ್ಲ. ನೋಡಲಿ."

ಬಾಯಿಗೆ ಕೂತದ್ದಾದರೂ ಎಷ್ಟು? ಅಜ್ಜಿ, ಹೂ, ಬಾ. ಇಷ್ಟೇ.

ಮಗಳ ಅಪ್ಪ ಬಸ್ ಡ್ರೈವರು. ದೂರದ ರೂಟಿನಲ್ಲಿದ್ದರು, ಡಿಪೋಕ್ಕೆ ಫೋನು ಮಾಡಿ ಹೇಳಿಸಿದೆ. ರೈಲು ಹಳಿಯ ಮೇಲೆ ಗುಡ್ಡ ಜರಿದಿತ್ತು. ಮಾರನೇ ಬೆಳಿಗ್ಗೆ ಬಸ್ಸಿನಲ್ಲೇ ಸುಟ್ಟ ಪೆಟ್ಟಿಗೆಯನ್ನು ಮಂಗಳೂರಿಗೆ ಒಯ್ಯುತ್ತೇನೆ ಎಂದು ಅವರು ಹೇಳಿ ಕಳಿಸಿದರು. ಅಂಕೋಲೆಯ ಬೊಬ್ರುವಾಡದಿಂದ ನನ್ನ ತಾಯಿ ಫೋನು ಮಾಡಿ, ದೇವಿಗೆ ಒಂದು ಹರಕೆ ಹೇಳಿಕೋ ಅಂದಳು.

"ಹೇಳ್ಕೊಳ್ಳೂಕೆ ಇನ್ನು ಯಾವ ಹರಕೆ ಉಳ್ದದೆ ಆಯಿ," ಅಂದೆ.

ಸಂಜೆ ದೀಪ ಹಚ್ಚಿ ಘಂಟೆ ಬಾರಿಸಿದೆ. ಘಂಟೆ ಕೇಳಿದರೆ ಮಗಳು ಎಲ್ಲಿದ್ದರೂ ಓಡಿ ಬರುತ್ತಿದ್ದಳು. ಜೋರಾಗಿ ಬಾರಿಸಿದೆ, ಕೈ ಸೋಲುವ ತನಕ ಬಾರಿಸಿದೆ. ಅವಳು ನನಗೆ ಬೆನ್ನು ಹಾಕಿ ನೆಲದ ಮೇಲಿನ ಇರುವೆ ಸಾಲು ನೋಡುತ್ತಿದ್ದಳು. ನಿನಗಾದರೂ ಕೇಳಿಸಿತೇನಪ್ಪಾ ಎಂದು ದೇವರನ್ನು ಕೇಳಿದೆ. ಮಂತ್ರ ಗಿಂತ್ರ ಯಾವುದೂ ಬಾಯಿಗೆ ಬರಲಿಲ್ಲ.

ಅತ್ತೆ ಮಧ್ಯಾಹ್ನ ಊಟಕ್ಕೆ ಎದ್ದಿರಲಿಲ್ಲ. ಬಚ್ಚಲ ಬಾಗಿಲ ಹತ್ತಿರ ಗೋಡೆಗೆ ಮುಖ ಮಾಡಿ ಕೂತೇ ಇದ್ದರು. ಮಗಳು ಅಲ್ಲಿಗೆ ಹೋದಳು. ಹಿಂದಿನಿಂದ ನಿಂತು, "ಅಜ್ಜೀ," ಅಂದಳು. ಎಷ್ಟು ಜೋರು ಎಂದು ಅವಳಿಗೆ ಗೊತ್ತಿಲ್ಲ. ಪಕ್ಕದ ಮನೆಯವರು ಕಿಟಕಿಗೆ ಬಂದರು.

"ಓ," ಅಂದರು ಅತ್ತೆ, ತಿರುಗದೆ.

"ಅಜ್ಜೀ."

"ಓ ಮಗಾ."

ಮತ್ತೆ ಕರೆದಳು. ಉತ್ತರ ಸಿಗದವಳ ಹಾಗೆ, ಸೆರಗು ಜಗ್ಗಿ. ಆಗ ಅತ್ತೆಗೆ ತಿಳಿಯಿತು. ತಿರುಗಿ, ಕಣ್ಣೊರೆಸಿಕೊಂಡು, ಮಗುವಿಗೆ ಕಾಣುವ ಹಾಗೆ ಬಾಯಿ ದುಂಡಗೆ ತೆರೆದು, "ಓ," ಅಂದರು. ಮಗಳು ಅವರ ತುಟಿಯ ಮೇಲೆ ಬೆರಳಿಟ್ಟಳು.

ಒಂದು ಶಬ್ದ ಇನ್ನೂ ಉಳಿದಿತ್ತು. ಎಷ್ಟು ದಿನ ಉಳಿಯುತ್ತದೋ, ಪೆಟ್ಟಿಗೆ ಸಿಗುವ ತನಕ ಉಳಿಯುತ್ತದೋ ಇಲ್ಲವೋ, ಗೊತ್ತಿರಲಿಲ್ಲ. ಅತ್ತೆಗೆ ಗಂಜಿ ಬಡಿಸಿ, "ಉಣ್ಣಿ," ಅಂದೆ.

ಡಬ್ಬಿ ತೆರೆದು ನೋಡಿದರೆ ಕಾಳೆಲ್ಲ ಗುಲಾಬಿಯಾಗಿತ್ತು. ಒಳಗಿಡಲು ಪೆಟ್ಟಿಗೆ ಇರಲಿಲ್ಲ. ಆದರೂ ಕಾವಲಿ ಒಲೆಯ ಮೇಲಿಟ್ಟು, ಉರಿ ಸಣ್ಣ ಮಾಡಿ, ಕಾಳು ಸುರಿದು ಹುರಿಯುತ್ತ ನಿಂತೆ.