ಬೆಳದಿಂಗಳ ತೋಟದಿಂದ ಬಿದ್ದುಹೋದ ಗುಡಿಸು

ಹುಣ್ಣಿಮೆ ಬಂತೆಂದರೆ ನಾಶಿಕದಲ್ಲಿ ನಾವು ಬಿಟ್ಟ ಮನೆಗೆ ಬಂದಿದ್ದ ಆಕೆಯ ಫೋನ್ ಬರುತ್ತಿತ್ತು.

"ವೈನಿ, ನಿಮ್ಮ ಪಾರಿಜಾತ ಮೊದಲನೇ ಸಲ ಅರಳ್ಯದರಿ. ಓಣಿ ತುಂಬ ವಾಸನಿ."

"ಚಲೋ ಆತ್ರಿ," ಎಂದೆ. ಚಲೋ ಆಗಿರಲಿಲ್ಲ. ಆ ಗಿಡ ನೆಟ್ಟವಳು ನಾನು. ಅದರ ಒಂದು ಹೂವನ್ನೂ ನಾನು ನೋಡಿರಲಿಲ್ಲ.

ಮದುವೆಗೆ ಮುಂಚೆ ಕಲಬುರಗಿಯ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸದಿಂದ ಶುರುಮಾಡಿ ಡೆಸ್ಕಿನವರೆಗೆ ಬಂದವಳು ನಾನು. ಕಂಡದ್ದನ್ನು ಬರೆ, ಅನ್ನಿಸಿದ್ದನ್ನು ಬಿಡು ಎಂದು ಅಲ್ಲಿ ಕಲಿಸಿದ್ದರು. ಇಲ್ಲಿ ಅನ್ನಿಸಿದ್ದೂ ಸೇರಿಕೊಂಡಿದೆ. ಹೊಟ್ಟೆಕಿಚ್ಚಿಗೆ ಬೇರೆ ಸಾಕ್ಷಿ ಸಿಗುವುದಿಲ್ಲ.

ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ನಾಶಿಕಕ್ಕೆ ಬದಲಿಯಾಗಿತ್ತು. ಸಾತಪುರದ ಕಾರ್ಖಾನೆಗಳ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ಅವು ಲೋಡ್ ಶೆಡ್ಡಿಂಗಿನ ವರ್ಷಗಳು. ಸಂಜೆ ದೀಪ ಹಚ್ಚುವ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಪಾಳಿ ಮುಗಿಸಿ ಬರುವವರ ಸ್ಕೂಟರುಗಳ ದೀಪ ಬಿಟ್ಟರೆ ಓಣಿಯಲ್ಲಿ ಬೆಳಕೇ ಇಲ್ಲ. ಎಲ್ಲರೂ ಮೆಟ್ಟಿಲ ಮೇಲೆ ಕೂತು ಬೀಸಣಿಕೆ ಆಡಿಸುತ್ತಿದ್ದರು. ಒಂದು ಹುಣ್ಣಿಮೆಯ ದಿನ ಎದುರು ಮನೆಯ ನಂದಬಟ್ಟಲು ಹೂಗಳು ಮಾತ್ರ ಕತ್ತಲಲ್ಲಿ ತೇಲಿದಂತೆ ಕಂಡವು. ಎಲೆಯಿಲ್ಲ, ಗಿಡವಿಲ್ಲ, ಬರೀ ಹೂ. ಹೇಗೂ ಕರೆಂಟು ಬರುವುದಿಲ್ಲ, ಕತ್ತಲಲ್ಲಿ ಕಾಣುವುದನ್ನೇ ಬೆಳೆಸೋಣ ಅನ್ನಿಸಿತು.

ಗೇಟಿಗೂ ಮೆಟ್ಟಿಲಿಗೂ ನಡುವಿನ ಜಾಗದಲ್ಲಿ ಸುಗಂಧರಾಜ, ದುಂಡುಮಲ್ಲಿಗೆ, ಬಿಳಿ ಕಣಗಿಲ, ನಂದಬಟ್ಟಲು ಹಚ್ಚಿದೆ. ಮೂಲೆಗೆ ಪಾರಿಜಾತ. ಪಾತಿಯ ಸುತ್ತ ಇಟ್ಟಿಗೆ ನಿಲ್ಲಿಸಿ ಸುಣ್ಣ ಬಳಿದೆ. ಬಣ್ಣದ್ದು ಒಂದೂ ಬೇಡ ಎಂಬುದು ನನ್ನ ನಿಯಮ. ಪಂಚವಟಿಯ ಕಡೆಯ ನರ್ಸರಿಯವನು ಎಲ್ಲ ಬಿಳಿಯೇ ಏಕೆ ಎಂದು ಮರುಗಿ, ಕೆಂಪು ದಾಸವಾಳದ ಸಸಿಯೊಂದನ್ನು ಪುಕ್ಕಟೆ ಕೊಟ್ಟ. ಅದನ್ನು ಎದುರು ಮನೆಗೆ ದಾಟಿಸಿದೆ.

"ಸುಣ್ಣದ ಗಾಡಿ ಮಗಚಿ ಬಿದ್ದಂಗ ಅದ ನೋಡು," ಎಂದರು ಗಂಡ. ಆದರೂ ಕರೆಂಟು ಹೋದ ಕೂಡಲೇ ಮೊದಲು ಕುರ್ಚಿ ಹೊರಗೆ ಹಾಕುತ್ತಿದ್ದವರು ಅವರೇ.

ಎದುರು ಮನೆಯ ಹಿರಿಯ ಮರಾಠಿ ಹೆಂಗಸನ್ನು ಓಣಿಯೆಲ್ಲ ಕಾಕು ಎನ್ನುತ್ತಿತ್ತು. ಆಕೆ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವರಿಗೆ ನಾನು 'ಕಾನಡಿ ವಹಿನಿ', ಕನ್ನಡದ ಅತ್ತಿಗೆ. ಬಂದವರಿಗೆಲ್ಲ ಬೆರಳು ಮಾಡಿ, "ಇದು ನಮ್ಮ ಕಾನಡಿ ವಹಿನಿಯ ತೋಟ," ಎಂದು ತೋರಿಸುತ್ತಿದ್ದರು. ಕೇಳಿ ಹಿಗ್ಗುತ್ತಿದ್ದೆ. ಡೆಸ್ಕಿನಲ್ಲಿ ಕೆಲಸ ಮಾಡುವವರಿಗೆ ಬೈಲೈನ್, ಅಂದರೆ ಬರಹದ ಮೇಲೆ ತಮ್ಮ ಹೆಸರು, ಸಿಗುವುದು ಅಪರೂಪ.

ಪಾರಿಜಾತ ನನ್ನ ಭುಜದೆತ್ತರ ಬಂದಾಗ ಬದಲಿಯ ಆದೇಶ ಬಂತು. ಆಗಿನ್ನೂ ಔರಂಗಾಬಾದ್ ಎನ್ನುತ್ತಿದ್ದ ಛತ್ರಪತಿ ಸಂಭಾಜಿನಗರದಲ್ಲಿ ಮೂರನೆಯ ಮಹಡಿಯ ಮನೆ ಸಿಕ್ಕಿತು. ಬಾಲ್ಕನಿಯಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ನೀರಿನ ಕೊಳವೆ. ಗಂಡನ ಜಾಗಕ್ಕೆ ಬಂದವರೂ ಕನ್ನಡದವರೇ, ಬೀದರ ಕಡೆಯವರು. ನಾಶಿಕದ ಮನೆಯನ್ನೂ ಅವರೇ ಹಿಡಿದರು. ಕೀಲಿ ಕೊಡುವಾಗ ಅವರ ಹೆಂಡತಿಗೆ ಪ್ರತಿ ಗಿಡದ ನೀರಿನ ಲೆಕ್ಕ ಹೇಳಿದೆ. ಆಕೆ ತಲೆಯಾಡಿಸಿ, "ನೀವೇನೂ ಚಿಂತಿ ಮಾಡಬ್ಯಾಡ್ರಿ ವೈನಿ," ಎಂದಳು. ಫೋನು ಶುರುವಾದದ್ದು ಆಮೇಲೆ.

ನಿಮ್ಮ ಮಲ್ಲಿಗಿ ಮೊಗ್ಗಾಗ್ಯದರಿ. ನಿಮ್ಮ ಸುಗಂಧರಾಜ ಎದೆಮಟ ಬಂದದರಿ. ಇತ್ತ ನಾನು ಬಾಲ್ಕನಿಯಲ್ಲಿ ನಿಂತು ಕೊಳವೆ ನೋಡುತ್ತಾ ಹೂಂಗುಟ್ಟುತ್ತಿದ್ದೆ. ಗಿಡ ಒಣಗಿತು ಎಂದು ಆಕೆ ಹೇಳಿದ್ದರೆ ನಿಜಕ್ಕೂ ಸಮಾಧಾನವಾಗುತ್ತಿತ್ತು.

"ಆಕಿ ನೀರು ಹಾಕಲಿಲ್ಲಂದ್ರ ಬೈತಿದ್ದಿ. ಹಾಕಿದ್ರೂ ಬೈತಿ," ಎಂದರು ಗಂಡ. "ಬಾಡಿಗಿ ಮನಿ ಗಿಡಕ್ಕ ಇಷ್ಟು ಸಂಕಟ ಯಾಕ?"

"ಗಿಡ ಬಾಡಿಗಿದ್ದಲ್ಲರಿ," ಎಂದೆ.

ಒಂದು ಹುಣ್ಣಿಮೆ ಆಕೆ ಹೇಳಿದಳು: "ಎಷ್ಟು ಮಂದಿ ಬರ್ತಾರಂತೀರಿ ವೈನಿ, ನಮ್ಮ ಪಾರಿಜಾತ ನೋಡಲಿಕ್ಕೆ!"

ಮೊದಲು ನನ್ನ ಕಿವಿಯೇ ತಪ್ಪಿತೇನೋ ಎಂದುಕೊಂಡೆ. ಕರಡು ತಿದ್ದಿದವಳಿಗೆ ಕಿವಿಯಲ್ಲೂ ಅಕ್ಷರ ಕಾಣುತ್ತದೆ. 'ನಿಮ್ಮ' ಇದ್ದದ್ದು 'ನಮ್ಮ' ಆಗಿತ್ತು. ಒಂದು ಗುಡಿಸು ಬಿದ್ದುಹೋಗಿತ್ತು, ಅಷ್ಟೆ. ಅಚ್ಚಿನಲ್ಲಿ ಇಂಥ ತಪ್ಪು ಕಂಡರೆ ಅಂಚಿನಲ್ಲಿ ಗುರುತು ಹಾಕಿ ಸರಿಮಾಡುತ್ತಿದ್ದೆ. ಫೋನಿನಲ್ಲಿ ಎಲ್ಲಿ ಗುರುತು ಹಾಕಲಿ? ಮುಂದಿನ ಸಲ ಲಕ್ಷ್ಯಕೊಟ್ಟು ಕೇಳಿದೆ. ಮಲ್ಲಿಗೆಯೂ ನಮ್ಮದಾಗಿತ್ತು.

ಅಷ್ಟರಲ್ಲಿ ನಾಶಿಕದಲ್ಲಿ ಲೋಡ್ ಶೆಡ್ಡಿಂಗ್ ನಿಂತಿತು. ಓಣಿಯ ಮೂಲೆಗೆ ಹೊಸ ಕಂಬ ನಿಲ್ಲಿಸಿ ಹಳದಿ ಸೋಡಿಯಂ ದೀಪ ಹಾಕಿದ್ದಾರೆ, ಬೆಳಕು ನೇರ ಅಂಗಳಕ್ಕೇ ಬೀಳುತ್ತದೆ ಎಂದು ಆಕೆಯೇ ತಿಳಿಸಿದಳು. ನಾನು "ಅಯ್ಯೋ ಪಾಪ" ಎಂದೆ. ಆ ದಿನ ನನಗೆ ಒಳ್ಳೆಯ ನಿದ್ದೆ ಬಂತು. ಹಳದಿ ಬೆಳಕಿನಲ್ಲಿ ಬಿಳಿ ಹೂ ಅರಿಸಿನ ಮೆತ್ತಿದ ಹಾಗೆ ಕಾಣುತ್ತದೆ. ತೋಟ ನನಗಿಲ್ಲದಿದ್ದರೆ ಆಕೆಗೂ ಇಲ್ಲ.

ಆ ವರ್ಷ ಕೋಜಾಗಿರಿಗೆ ಬನ್ನಿ ಎಂದು ಆಕೆ ಕರೆದಳು. ನಮ್ಮ ಸೀಗಿ ಹುಣ್ಣಿಮೆಯೇ ಅಲ್ಲಿ ಕೋಜಾಗಿರಿ. ಬೆಳದಿಂಗಳಲ್ಲಿ ಕೂತು ಕೇಸರಿ ಹಾಕಿದ ಹಾಲು ಕುಡಿಯುತ್ತಾರೆ. ಹಳದಿಯಾದ ತೋಟವನ್ನು ಕಣ್ಣಾರೆ ನೋಡುವ ಆಸೆಯಿಂದ ಗಂಡನನ್ನು ಹೊರಡಿಸಿಕೊಂಡು ಬಸ್ಸು ಹತ್ತಿದೆ.

ಓಣಿಗೆ ಕಾಲಿಟ್ಟಾಗ ಕತ್ತಲಾಗಿತ್ತು. ದೂರದಿಂದಲೇ ಕಂಬದ ದೀಪ ಕಂಡಿತು. ಅದರ ಕೆಳಗೆ, ನನ್ನ ಗೇಟಿನ ಬದಿಗೆ, ಆಳೆತ್ತರಕ್ಕೂ ಮೀರಿದ ಬಿದಿರಿನ ತಡಿಕೆಯ ತುಂಬ ಮಧುಮಾಲತಿ ಬಳ್ಳಿ. ಕೆಂಪು, ಗುಲಾಬಿ ಗೊಂಚಲು. ಬಣ್ಣ! ಕೆಡಿಸಿದಳು ಎಂದು ಒಳಗೊಳಗೇ ಖುಷಿಪಟ್ಟೆ.

ಗೇಟು ದಾಟಿದೆ. ಒಳಗೆ ಹಳದಿ ಇರಲಿಲ್ಲ. ದೀಪದ ಬೆಳಕನ್ನೆಲ್ಲ ಬಳ್ಳಿ ಹೊರಗೇ ತಡೆದಿತ್ತು. ಎದುರು ಮಾಳಿಗೆಯ ಮೇಲಿಂದ ಚಂದ್ರ ನೇರ ಅಂಗಳಕ್ಕೆ ಇಳಿದಿದ್ದ. ನಂದಬಟ್ಟಲು, ಸುಗಂಧರಾಜ, ಹೊಸದಾಗಿ ಸುಣ್ಣ ಬಳಿದ ಇಟ್ಟಿಗೆ. ಮೂಲೆಯಲ್ಲಿ ಪಾರಿಜಾತ, ಕೊಂಬೆಗಳು ಗೋಡೆಯ ಆಚೆಗೂ ಚಾಚಿದ್ದವು. ಕತ್ತಲಿದ್ದಾಗ ತೋಟ ಮಾಡಿದವಳು ನಾನು. ಈಕೆ ಕತ್ತಲನ್ನೇ ಮಾಡಿಕೊಂಡಿದ್ದಳು. ನನಗಾದರೆ ಇದು ಹೊಳೆಯುತ್ತಿರಲಿಲ್ಲ. ನನ್ನ ನಿಯಮದಲ್ಲಿ ಕೆಂಪು ಹೂವಿಗೆ ಜಾಗವೇ ಇರಲಿಲ್ಲ.

ಚಾಪೆಯ ಮೇಲೆ ಕಾಕು ಕೂತಿದ್ದರು. ವಯಸ್ಸಾಗಿ ಕಣ್ಣು ಮಂದವಾಗಿತ್ತು. ನನಗೆ ಜಾಗ ಬಿಡುತ್ತಾ ಮರಾಠಿಯಲ್ಲಿ, "ಬಾ ತಾಯಿ, ನಮ್ಮ ಕಾನಡಿ ವಹಿನಿಯ ತೋಟ ನೋಡಲು ಬಂದೆಯಾ?" ಎಂದರು.

"ಕಾಕು, ಇದನ್ನ ಹಚ್ಚಿದವರೇ ಇವರು," ಎಂದಳು ಆಕೆ, ಅವಸರದಲ್ಲಿ.

ಕಾಕು ನನ್ನನ್ನೂ ಆಕೆಯನ್ನೂ ನೋಡಿ ನಕ್ಕರು. "ಹಾಗಾದರೆ ನೀವು ಇಬ್ಬರೇನು? ಕಾನಡಿ ವಹಿನಿ ಒಬ್ಬಳೇ ಅಂದುಕೊಂಡಿದ್ದೆ."

ಗಂಡ ಗಟ್ಟಿಯಾಗಿ ನಕ್ಕರು. ನಾನು ಹಾಲಿನ ಲೋಟದ ಕಡೆ ನೋಡಿದೆ.

ಹೊರಡುವಾಗ ಆಕೆ ಗೇಟಿನವರೆಗೆ ಬಂದಳು. ಏನಾದರೂ ಹೇಳಲೇಬೇಕಿತ್ತು.

"ನಿಮ್ಮ ತೋಟ ಭಾಳ ಚಂದ ಅದರಿ," ಎಂದೆ. ಗುಡಿಸನ್ನು ನಾನೇ ಹಚ್ಚಿ ಆಚೆ ದಾಟಿಸಿದ್ದೆ. ಹಚ್ಚಿ ಕಾದೆ. ಅಯ್ಯ, ನಿಮ್ಮದೇ ಅಲ್ಲೇನ್ರಿ ವೈನಿ ಎಂದು ಆಕೆ ಅನ್ನಬೇಕಿತ್ತು. ನಮ್ಮ ಕಡೆ ಯಾರಾದರೂ ಅಷ್ಟು ಅನ್ನುತ್ತಾರೆ.

ಆಕೆ ಒಮ್ಮೆ ಹಿಂದಕ್ಕೆ ತಿರುಗಿ ತೋಟ ನೋಡಿದಳು.

"ಹೂಂರಿ," ಎಂದಳು. "ಚಂದ ಬಂದದ."