ಪಿಕಪ್ ಎಳೆಸಿ ನೋಡಿದ ಅಜ್ಜಿ

ಜನವರಿಯ ಒಂದು ಭಾನುವಾರ ಭೇರ್ಯದ ಬಳಿಯ ಹಳ್ಳಿಯಲ್ಲಿ ಅಣ್ಣ ಹಳೆಯ ಪಿಕಪ್ ಒಂದಕ್ಕೆ ಮುಂಗಡ ಕೊಡುವುದರಲ್ಲಿದ್ದ. ಟೈರು, ಬ್ರೇಕು, ಆಯಿಲ್, ಹಿಂದಿನ ಕೊಕ್ಕೆ ಎಂದು ಕೊಳ್ಳುವ ಮುನ್ನ ನೋಡಬೇಕಾದ್ದನ್ನೆಲ್ಲ ಬರೆದುಕೊಂಡಿದ್ದ ನನ್ನ ಪುಸ್ತಕದ ಇಪ್ಪತ್ತಾರು ಸಾಲಿಗೂ ಸರಿ ಗುರುತು ಬಿದ್ದಿತ್ತು. ಆಗ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಮಾಲೀಕರ ತಾಯಿ ನನ್ನನ್ನು ಕೇಳಿದರು: “ಗಾಡಿ ಯಾತಕ್ಕವ್ವ?”

“ರಜೆ ಸಿಕ್ಕಾಗ ದೋಣಿ, ಗುಡಾರ ಎಲ್ಲ ಟ್ರೇಲರಿಗೆ ತುಂಬಿ ಎಚ್.ಡಿ. ಕೋಟೆ ಕಡೆ ಹಿನ್ನೀರಿಗೆ ಎಳ್ಕೊಂಡು ಹೋಗೋಕೆ ಅಜ್ಜಿ.”

“ಬರೀ ಬಾಯಿ ಬಿಡ್ಸಿ ಅಲ್ಲು ಎಣಿಸಿ ಎತ್ತು ಕೊಂಡಂಗಾಯ್ತು ಕಣವ್ವ. ಎಳೆಸಿ ನೋಡೋದು ಬ್ಯಾಡ್ವಾ?”

ಭಾರದ ಗಾಡಿ ಕಟ್ಟಿ ಎಳೆಸಿ ತೋರಿಸದೆ ಎತ್ತು ಮಾರುವ ಪದ್ಧತಿ ಅವರ ಮನೆಯಲ್ಲಿ ಇರಲಿಲ್ಲವಂತೆ. ಸೌದೆ ತುಂಬಿದ್ದ ಸಣ್ಣ ಟ್ರೇಲರನ್ನು ಪಿಕಪ್ಪಿಗೆ ಕಟ್ಟಿಸಿ, ಕೆರೆ ಏರಿ ಹತ್ತಿಸು ಎಂದು ಮಗನಿಗೆ ಹೇಳಿದರು. ಮಗ ಗೊಣಗುತ್ತಲೇ ಹತ್ತಿಸತೊಡಗಿದರು. ಅರ್ಧ ದಾರಿಯಲ್ಲೇ ಎಂಜಿನ್ ಅರಚಿತು, ಕ್ಲಚ್ ಸುಟ್ಟ ವಾಸನೆ ಬಂತು. ಗಾಡಿ ಮಾತ್ರ ಅಲ್ಲಿಂದ ಒಂದು ಮೊಳವೂ ಮುಂದೆ ಹೋಗಲಿಲ್ಲ.

“ಅವ್ವೋ, ನೀನು ಯಾರ ಕಡೆಯವ್ಳು?” ಎಂದು ಮಗ ಕಿಟಕಿಯಿಂದ ಕೂಗಿದರು.

“ಈ ಐಕ್ಳು ದಾರೀಲಿ ಸಿಕ್ಕಾಕೊಂಡ್ರೆ ನೀನು ಓಗಿ ತಳ್ತೀಯೇನ್ಲಾ? ಮೊದ್ಲು ಸರಿ ಮಾಡ್ಸು!”

ಹೊಸ ಕ್ಲಚ್ ಹಾಕಿಸಿ, ಅದೇ ಸೌದೆ ಎಳೆಸಿ ತೋರಿಸಿದ ಮೇಲೆಯೇ ಅಜ್ಜಿ ನಮಗೆ ಕೀಲಿ ಕೊಡಲು ಬಿಟ್ಟದ್ದು. ಆಮೇಲೆ ನಾಲ್ಕು ಸಲ ಹಿನ್ನೀರಿಗೆ ಹೋಗಿ ಬಂದಿದ್ದೇವೆ. ಮಾರುವವರ ಮನೆಯಲ್ಲೇ ನಮ್ಮ ಪರವಾಗಿ ಒಬ್ಬರಿದ್ದರಲ್ಲ ಎಂದು ಪ್ರತಿ ದಿಬ್ಬ ಹತ್ತುವಾಗಲೂ ನಗು ಬರುತ್ತದೆ.