ಕೆಂಪಿನೊಳಗೆ ನಮ್ಮ ನೀಲಿ

"ಅಣ್ಣೋ, ದುಡ್ಡಲ್ಲಿ ಬೇಕಾದ್ರೆ ಮುರ್ಕೊಳ್ಳಿ, ಈ ಜೆರ್ಸಿ ನಂಗೆ ಬುಡಿ. ಎಷ್ಟೋ ಊರಿಗೆ ಆಡಿವ್ನಿ, ಒಂದೂರ್ದೂ ನನ್ನತ್ರ ಇಲ್ಲ ಕಣಣ್ಣ."

ರಾವಂದೂರಿನ ಕಬಡ್ಡಿ ಪಂದ್ಯ ಗೆದ್ದುಕೊಟ್ಟ ಬಾಡಿಗೆ ಆಟಗಾರ ಮಾದೇಶ ಹೀಗೆಂದ. ಆಟ ಮುಗಿದೊಡನೆ ಇಂಥವರಿಂದ ಜೆರ್ಸಿ ವಾಪಸ್ ಪಡೆಯುವುದು ತಂಡ ನಡೆಸುವ ನಮ್ಮ ರೂಢಿ. ಲಾಭದ ಚೌಕಾಸಿಯೆಂದು ದುಡ್ಡು ಮುರಿದುಕೊಂಡು ನಮ್ಮ ನೀಲಿ ಜೆರ್ಸಿ ಕೊಟ್ಟೆ.

ಮುಂದಿನ ಭಾನುವಾರ ಹುಣಸೂರಿನಲ್ಲಿ ಅವನೇ ನಮ್ಮ ಎದುರಾಳಿ. ಕೊನೆಯ ರೈಡಿನಲ್ಲಿ ನಮ್ಮ ಹುಡುಗರು ಅವನನ್ನು ಕೆಡವಿ ಹಿಡಿದರು. ಎಳೆದಾಟಕ್ಕೆ ಅವನ ಕೆಂಪು ಜೆರ್ಸಿ ಹರಿದು, ಒಳಗಿನಿಂದ ನಮ್ಮ ನೀಲಿ ಇಣುಕಿತು.

"ಲೇ, ಇದು ನಮ್ದು ಕಣ್ಲಾ!" ಎಂದ ನಮ್ಮ ಹುಡುಗನೊಬ್ಬನ ಹಿಡಿತ ಸಡಿಲವಾಯಿತು. ಮಾದೇಶ ಕೈ ಚಾಚಿ ನಡುಗೆರೆ ಮುಟ್ಟಿದ. ನಾವು ಸೋತೆವು.

ತಂಡ ಕಟ್ಟುವವರೇ, ಜೆರ್ಸಿ ಕೊಡುವ ದಿನವೇ ಆಟಗಾರನನ್ನೂ ಉಳಿಸಿಕೊಳ್ಳಿ. ನಮ್ಮ ತಂಡಕ್ಕೇ ಬಂದುಬಿಡು ಎಂದು ಅಂದಿನಿಂದ ನಾನು ಮಾದೇಶನಿಗೆ ಫೋನ್ ಮಾಡುತ್ತಲೇ ಇದ್ದೇನೆ. ಅವನು ಯಾವುದೋ ಊರಿನ ಅಂಕಣದಲ್ಲಿರುತ್ತಾನೆ. ಒಳಗೆ ಇನ್ನೂ ನೀಲಿ ಇದೆಯೋ ಇಲ್ಲವೋ ಎಂಬುದೇ ನನ್ನ ಚಿಂತೆ.